ಇಪ್ಪತ್ತೆರಡು ಮುನಿಯಾಗಳ ನವಣೆ

ಈಗ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಹೆಸರುಕಾಳಿಗೆ ಮೊಳಕೆ ಬರಿಸುತ್ತಾರೆ. ಮೊಮ್ಮಗನ ಹೆಂಡತಿ ಕಾಳು ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಿಡುತ್ತಾಳೆ. ಮರುದಿನ ಗಂಟು ಬಿಚ್ಚಿದಾಗ ಹಸಿ ಬಟ್ಟೆಯದೂ ಎಳೆ ಬೇರಿನದೂ ಕೂಡಿದ ಒಂದು ವಾಸನೆ ಪಡಸಾಲೆಯವರೆಗೆ ಬರುತ್ತದೆ. ಬೇರೆಯವರಿಗೆ ಅದು ಗಮನಕ್ಕೂ ಬರುವುದಿಲ್ಲ. ನನಗೆ ಮಾತ್ರ ಕೂತಲ್ಲೇ ಬೆನ್ನು ನೋಯತೊಡಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಆ ಒಂದು ವರ್ಷದ ದಣಿವು ಇನ್ನೂ ಮೈಯಿಂದ ಪೂರ್ತಿ ಇಳಿದಿಲ್ಲ ಎಂದು ಆಗ ಗೊತ್ತಾಗುತ್ತದೆ.

ನಮ್ಮದು ಜೈನರ ಮನೆ, ಗೋಕಾಕಕ್ಕೂ ಮೂಡಲಗಿಗೂ ನಡುವಿನ ಹಳ್ಳಿ. ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿ ಇದ್ದವರು ಅತ್ತೆ, ನಮ್ಮ ಯಜಮಾನರು, ನಾನು, ಮತ್ತು ಅತ್ತೆಯ ನೇಮಗಳು. ನೇಮಗಳೇ ಹೆಚ್ಚು ಜಾಗ ಹಿಡಿದಿದ್ದವು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಷ್ಟಮಿ ಚತುರ್ದಶಿಗೆ ಹಸಿರು ಕೊಯ್ಯುವಂತಿಲ್ಲ. ನೆಲದೊಳಗೆ ಬೆಳೆದ ಗಡ್ಡೆ ಹೊಸ್ತಿಲು ದಾಟುವಂತಿಲ್ಲ. ಮೊಳಕೆಯ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಮೊಳಕೆಯೊಡೆದ ಕಾಳಿನಲ್ಲಿ ಎಣಿಸಲಾಗದಷ್ಟು ಜೀವಗಳಿರುತ್ತವೆ, ಅದನ್ನು ಮಾಡಿದವರಿಗೆ ಅಷ್ಟೂ ಜೀವಗಳ ಪಾಪ ತಟ್ಟುತ್ತದೆ ಎಂದು ಅತ್ತೆ ನಂಬಿದ್ದರು. ಮಳೆಗಾಲದಲ್ಲಿ ಜೋಳದ ಚೀಲಕ್ಕೆ ಹನಿ ಬಿದ್ದು ನಾಲ್ಕು ಕಾಳು ಮೊಳೆತರೆ ಅವನ್ನು ಹೊಲಕ್ಕೆ ಒಯ್ದು ಊರಿ ಬರುತ್ತಿದ್ದರು. ಇದೆಲ್ಲ ನನಗೆ ಹೊಸದೇನಲ್ಲ, ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನ ನನ್ನ ತವರೂ ಅಂಥದ್ದೇ. ಆದರೆ ತವರಿನಲ್ಲಿ ನೇಮ ಹಿಡಿದವರೇ ಅದರ ಕೆಲಸವನ್ನೂ ಮಾಡುತ್ತಿದ್ದರು.

ಪ್ರತಿ ವರ್ಷ ಭಾದ್ರಪದದ ಪರ್ವದ ಕೊನೆಯ ದಿನ ಅತ್ತೆ ಗೋಕಾಕದ ಸಂತೆಯಿಂದ ಒಂದು ಬುಟ್ಟಿ ಮುನಿಯಾ ತರಿಸಿ ಬಸದಿಯ ಅಂಗಳದಲ್ಲಿ ಬಿಡುತ್ತಿದ್ದರು. ಮುನಿಯಾ ಎಂದರೆ ಗುಬ್ಬಿಗಿಂತ ಸಣ್ಣ ಹಕ್ಕಿ, ಗಂಡಿಗೆ ಮಳೆಗಾಲದಲ್ಲಿ ಮೈ ಕೆಂಪಗಾಗಿ ಮೇಲೆ ಬಿಳಿ ಚುಕ್ಕೆಗಳು ಮೂಡುತ್ತವೆ. ಬುಟ್ಟಿಯ ಮುಚ್ಚಳ ತೆಗೆಯುವುದು, ಕೈಮುಗಿಯುವುದು, ಬಸದಿಯೊಳಗೆ ಹೋಗುವುದು. ಜೀವ ಬಿಡಿಸಿದ ಪುಣ್ಯಕ್ಕೆ ಅಷ್ಟು ಸಾಕಾಗಿತ್ತು. ಹಿಂತಿರುಗಿ ನೋಡುವ ರೂಢಿ ಇರಲಿಲ್ಲ.

ಆ ವರ್ಷ ಅತ್ತೆಯ ಮೊಣಕಾಲು ಹಿಡಿದಿತ್ತು. ಮುಚ್ಚಳ ತೆಗೆದು ಕೈಮುಗಿದವರು ಒಳಗೆ ಹೋಗಲಾರದೆ ಮೆಟ್ಟಿಲ ಮೇಲೆ ಕೂತರು. ಹಾಗೆ ಕೂತದ್ದರಿಂದ ನೋಡಿದರು. ಹಕ್ಕಿಗಳು ಹಾರಲಿಲ್ಲ. ಬುಟ್ಟಿಯಿಂದ ಜಿಗಿದು, ಗೇಣುದ್ದ ಎದ್ದು, ಬಿದ್ದವು. ಮಾರುವವನು ಅವುಗಳ ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದ. ನಾವು ಬಿಟ್ಟು ಹೋದ ಮೇಲೆ ಅವನ್ನೇ ಮತ್ತೆ ಹಿಡಿಯಲು ಅದು ಸುಲಭ. ನಾವು ನೋಡುತ್ತಿದ್ದಂತೆಯೇ ಕಾಗೆಯೊಂದು ಬಂದು ಒಂದನ್ನು ಎತ್ತಿಕೊಂಡು ಹೋಯಿತು. ಗೋಡೆಯಿಂದಿಳಿದ ಬೆಕ್ಕು ಎರಡನ್ನು ಹಿಡಿಯಿತು. ಅತ್ತೆ ಮೊಣಕಾಲ ನೋವು ಮರೆತು ಅಂಗಳದ ತುಂಬ ತೆವಳಾಡಿ, ಉಳಿದವನ್ನು ಸೆರಗಿನಲ್ಲಿ ತುಂಬಿಕೊಂಡರು.

"ಹೋದ ವರ್ಷದವೂ ಹಿಂಗ ಇದ್ದವೇನ? ಅದರ ಹಿಂದಿನವು?" ಎಂದು ಕೇಳಿದರು. ಯಾರನ್ನು ಕೇಳಿದರೋ ತಿಳಿಯದು. ನನಗೆ ಉತ್ತರ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಎಷ್ಟು ಬುಟ್ಟಿ ಬಿಟ್ಟಿದ್ದರೋ ಅಷ್ಟೂ ಬುಟ್ಟಿಯ ಹಕ್ಕಿಗಳು ಆ ಗಳಿಗೆಯಲ್ಲಿ ಅವರ ಎದೆಯ ಮೇಲೆ ಬಂದು ಕೂತವು.

ಅಲ್ಲಿಯೇ, ಬಸದಿಯ ಮುಂದೆ ನಿಂತು ಅವರು ನೇಮ ಹಿಡಿದರು. ಸೆರಗಿನಲ್ಲಿದ್ದ ಹಕ್ಕಿಗಳು ಒಂದೂ ಉಳಿಯದಂತೆ ತಮ್ಮ ರೆಕ್ಕೆಯಿಂದ ತಾವೇ ಹಾರಿಹೋಗುವ ತನಕ ದಿನಕ್ಕೆ ಒಂದೇ ಹೊತ್ತು ಊಟ. ನಾನು ಪಕ್ಕದಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದೆ. ಪುಣ್ಯ ಇವರದು, ಇನ್ನು ಮೇಲೆ ಕೆಲಸ ನನ್ನದು ಎಂದು ಆಗಲೇ ಅನಿಸಿತು. ಅನಿಸಿದ್ದು ಸುಳ್ಳಾಗಲಿಲ್ಲ.

ಯಜಮಾನರು ಬಿದಿರಿನ ಸೀಳುಗಳಿಂದ ಪಂಜರ ಮಾಡಿ ಪಡಸಾಲೆಯ ತೊಲೆಗೆ ತೂಗುಹಾಕಿದರು. ನಾನು ಬಟ್ಟಲಲ್ಲಿ ಬರಗು, ಭತ್ತ ಹಾಕಿದೆ. ಯುದ್ಧದ ದಿನಗಳು, ಸರಕಾರದವರು ಕಣದಿಂದಲೇ ಕಾಳು ಅಳೆದು ಒಯ್ಯುತ್ತಿದ್ದರು. ಬಡವರ ಮನೆಯಲ್ಲಿ ಅಂಬಲಿಗೂ ತತ್ವಾರ. ಬಾಜೂ ಮನೆಯ ಗಂಗವ್ವ ನೀರಿಗೆ ಹೋಗುವಾಗ ಪಂಜರ ನೋಡಿ, "ನಿಮ್ಮ ಮನ್ಯಾಗ ಹಕ್ಕಿ ಆಗಿ ಹುಟ್ಟಬೇಕಿತ್ತು ನೋಡವಾ ನಾವು" ಎಂದಳು. ನಗುತ್ತಲೇ ಅಂದಳು. ನನಗೆ ತಲೆ ಎತ್ತಲಾಗಲಿಲ್ಲ.

ದಿನಾ ಬೆಳಿಗ್ಗೆ ಬಟ್ಟಲು ನೋಡುತ್ತಿದ್ದೆ. ತುಂಬಿರುತ್ತಿತ್ತು. ಕಾಳು ಇದೆಯಲ್ಲ ಎಂದು ಸುಮ್ಮನಾಗುತ್ತಿದ್ದೆ. ಆದರೂ ಹಕ್ಕಿಗಳು ಮೈ ಉಬ್ಬಿಸಿಕೊಂಡು ಮೂಲೆ ಹಿಡಿದವು. ಮೊದಲ ವಾರ ಎರಡು ಸತ್ತವು, ಮರುವಾರ ಮೂರು. ಸತ್ತ ಹಕ್ಕಿಯನ್ನು ಹೊರಗೆ ಒಯ್ದ ದಿನ ಅತ್ತೆ ಇದ್ದ ಒಂದು ಊಟವನ್ನೂ ಬಿಡುತ್ತಿದ್ದರು. ಉಳಿದದ್ದು ಇಪ್ಪತ್ತೆರಡು.

ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೇಯುವ ಇಮಾಮಸಾಬ ಎಂಬವರು ಇಂಥ ಹಕ್ಕಿ ಸಾಕುತ್ತಾರೆಂದು ಯಜಮಾನರು ಕೇಳಿಕೊಂಡು ಬಂದರು. ಚಕ್ಕಡಿಯಲ್ಲಿ ಪಂಜರ ಮಡಿಲಲ್ಲಿಟ್ಟುಕೊಂಡು ನಾನೂ ಹೋದೆ. ಮಳೆಯ ಕೊನೆಯ ದಿನಗಳು, ನದಿ ಇನ್ನೂ ಕೆಂಪಗೆ ಹರಿಯುತ್ತಿತ್ತು. ಗಿರಣಿಯ ಸದ್ದು ಯಾವುದು, ನೀರು ಬೀಳುವ ಸದ್ದು ಯಾವುದು ತಿಳಿಯದು. ಇಮಾಮಸಾಬರು ಪಾಳಿ ಮುಗಿಸಿ ಬಂದಿದ್ದರು, ತಲೆ ಹುಬ್ಬುಗಳ ಮೇಲೆಲ್ಲ ಹತ್ತಿಯ ಎಳೆ. ಪಂಜರದ ಬಟ್ಟಲು ಹೊರಗೆ ತೆಗೆದು ಒಮ್ಮೆ ಉಫ್ ಎಂದು ಊದಿದರು. ಬಟ್ಟಲಲ್ಲಿದ್ದದ್ದೆಲ್ಲ ಹಾರಿಹೋಯಿತು. ತಳದಲ್ಲಿ ಉಳಿದದ್ದು ನಾಲ್ಕು ಕಾಳು.

"ಇದು ಕಾಳಲ್ಲರಿ ಅವ್ವಾರ, ಬರೇ ಹೊಟ್ಟು. ಇವು ಕಾಳ ತಿಂದು ಸಿಪ್ಪಿ ಅಲ್ಲೇ ಬಿಡತಾವ. ನೋಡಿದವರಿಗೆ ಬಟ್ಟಲ ತುಂಬಿದಂಗ ಕಾಣತೈತಿ. ನಿಮ್ಮ ಹಕ್ಕಿ ಹಸದು ಸತ್ತಾವ."

ತುಂಬಿದ ಬಟ್ಟಲಿನ ಮುಂದೆ ಐದು ಜೀವ ಹಸಿದು ಸತ್ತದ್ದು ನನ್ನ ಕೈಯಿಂದ. ಆ ಮಾತನ್ನು ನಾನು ಅತ್ತೆಗೆ ಹೇಳಲಿಲ್ಲ. ಬೇಸರವಿದ್ದರೂ ಅಂದಿನಿಂದ ಆ ಕೆಲಸವನ್ನು ಬಿಟ್ಟು ಏಳಲಾಗದಂತೆ ಮಾಡಿದ್ದು ಅದೇ.

ಇಮಾಮಸಾಬರು ಕಾಳು ಬೆರೆಸುವ ಪ್ರಮಾಣ ಹೇಳಿದರು. "ಎರಡು ಪಾಲು ನವಣಿ, ಒಂದು ಪಾಲು ಸಾವಿ, ಅರ್ಧ ಪಾಲು ಬರಗ. ಚಳಿ ಬಿದ್ದ ಮ್ಯಾಲ ಒಂದು ಚಿಟಿಕಿ ಗುರೆಳ್ಳು, ಹೆಚ್ಚಿಗಿ ಬ್ಯಾಡ. ತತ್ತಿ ಸಿಪ್ಪಿ ಪುಡಿ ಮಾಡಿ ಇಡಬೇಕು," ಎಂದವರು ನನ್ನ ಮುಖ ನೋಡಿ ನಕ್ಕರು. "ನಿಮ್ಮ ಮನ್ಯಾಗ ಅದು ಆಗೂದಿಲ್ಲ, ಗೊತ್ತೈತಿ. ಹಳೇ ಗ್ವಾಡಿ ಸುಣ್ಣ ಕೆರದು ಇಡ್ರಿ, ನಡೀತೈತಿ."

"ಗರಿ ಎಂದ ಬರತಾವರಿ?" ಎಂದು ಕೇಳಿದೆ.

"ಮೊಂಡ ಗರಿ ಕಿತ್ತರ ಒಂದೂವರಿ ತಿಂಗಳದಾಗ ಹೊಸಾವು ಬರತಾವ."

"ಅತ್ತಿ ಒಪ್ಪೂದಿಲ್ಲರಿ. ನೋವು ಆಗತೈತಿ ಅಂತಾರ."

"ಹಂಗಾರ ಅವು ತಾವಾಗೇ ಉದುರೂತನಕ ಕಾಯಬೇಕು. ಚಳಿಗಾಲ ಹಿಡೀತೈತಿ. ಅಲ್ಲಿತನಕ ಒಣಾ ಕಾಳು ಹಾಕಿದ್ರ ಜೀವ ಉಳೀತೈತಿ, ಗರಿ ಬರೂದಿಲ್ಲ. ಹಸೀದು ಬೇಕು. ನವಣಿ ನೆನಿಹಾಕಿ ಮೊಳಕಿ ಬರಸಿ ಕೊಡ್ರಿ, ಅದಕ್ಕಿಂತ ಚಲೋದು ಇಲ್ಲ."

ಯಜಮಾನರೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇಮಾಮಸಾಬರಿಗೆ ಅದೂ ಅರ್ಥವಾಯಿತು. "ಅದೂ ಬ್ಯಾಡೇನ? ಹಂಗಾರ ಹೊಲದಾಗ ಬಿತ್ರಿ. ಹಾಲು ತುಂಬಿದ ತೆನಿ ಕೊಯ್ದು ಕೊಡ್ರಿ. ಆದರ ಅದು ಭಾಳ ದೂರದ ದಾರಿ ನೋಡ್ರಿ," ಎಂದರು.

ನಾವು ಹಿಡಿದದ್ದು ಆ ದೂರದ ದಾರಿಯನ್ನೇ. ಸಂತೆಯಲ್ಲಿ ನವಣೆ, ಸಾವೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಬೀಜಕ್ಕೆಂದು ಮಡಕೆಯಲ್ಲಿಟ್ಟಿದ್ದ ನಾಲ್ಕು ಸೇರಿನಲ್ಲಿ ಅರ್ಧ ಬೆರಕೆಗೆ, ಅರ್ಧ ಬಿತ್ತನೆಗೆ ತೆಗೆದೆ. ಬಾವಿಯ ಬದಿಯ ಒಂದು ತುಂಡು ನೆಲವನ್ನು ಯಜಮಾನರು ಹರಗಿ ಕೊಟ್ಟರು. ತೆನೆಯಲ್ಲಿ ಹಾಲು ಇರುವುದು ಏಳೆಂಟು ದಿನ, ಆಮೇಲೆ ಕಾಳು ಗಟ್ಟಿ. ಅದಕ್ಕೆ ಎಲ್ಲವನ್ನೂ ಒಂದೇ ದಿನ ಬಿತ್ತದೆ ವಾರಕ್ಕೊಂದು ಸಾಲು ಬಿತ್ತಿದೆ. ಮೊದಲ ಸಾಲು ತೆನೆಯೊಡೆಯಲು ಎರಡು ತಿಂಗಳು. ಅಲ್ಲಿಯ ತನಕ ಬದುಗಳ ಮೇಲೆ ಬೆಳೆದ ಹುಲ್ಲಿನ ತೆನೆ ಕಿತ್ತು ತರುತ್ತಿದ್ದೆ. ಮೊಣಕೈತನಕ ಗೀರು, ಹುಲ್ಲಿನ ಮುಳ್ಳು ಸೀರೆಯ ಅಂಚಿಗೆ. ಮನೆಗೆ ಬಂದು ಮುಳ್ಳು ಆರಿಸುವುದೇ ಒಂದು ಕೆಲಸ.

ಏಳುವುದು, ಬಟ್ಟಲುಗಳನ್ನು ಮೊರಕ್ಕೆ ಸುರಿದು ಹೊಟ್ಟು ಕೇರುವುದು, ಕಾಳು ಅಳೆದು ಬೆರೆಸುವುದು, ಹುಳ ಇದೆಯೇ ಎಂದು ಬಿಸಿಲಿಗೆ ಹಿಡಿದು ನೋಡುವುದು. ಹುಳ ಇದ್ದರೆ ಅದನ್ನೂ ನೋಯಿಸದೆ ಹಿತ್ತಲಲ್ಲಿ ಬಿಡುವುದು. ಪಂಜರದ ತಳ ಬಳಿಯುವುದು, ನೀರು ಸೋಸಿ ಇಡುವುದು. ಆಮೇಲೆ ನಮ್ಮ ರೊಟ್ಟಿ, ಕಸ, ದನ. ಆಮೇಲೆ ಬಾವಿಯಿಂದ ಕೊಡ ಹೊತ್ತು ಸಾಲುಗಳಿಗೆ ನೀರು. ಯಜಮಾನರಿಗೆ ಜೋಳದ ಹೊಲದ ಕೆಲಸವೇ ಹಾಸಿ ಹೊದೆಯುವಷ್ಟಿತ್ತು. ನನ್ನ ಅಂಗೈ ಗಟ್ಟಿಯಾಯಿತು. ಮಲಗಿದ ಮೇಲೂ ಕಣ್ಣ ಮುಂದೆ ಕಾಳುಗಳೇ ಹರಿದಾಡುತ್ತಿದ್ದವು.

ತೆನೆ ಮೂಡುತ್ತಲೇ ಊರ ಗುಬ್ಬಿಗಳೂ ಕಾಡಿನ ಮುನಿಯಾಗಳೂ ಸಾಲಿಗೆ ಬಂದಿಳಿದವು. ಚಪ್ಪಾಳೆ ತಟ್ಟಿ ಓಡಿಸುತ್ತಿದ್ದೆ. ಒಮ್ಮೆ ಅತ್ತೆ ಕೋಲೂರಿಕೊಂಡು ಬಂದು ಅದನ್ನು ನೋಡಿದರು.

"ಅವನ್ನ ಯಾಕ ಓಡಸ್ತಿ? ಅವೂ ಹಕ್ಕಿನ ಅಲ್ಲೇನು?"

"ಅವಕ್ಕ ರೆಕ್ಕಿ ಅದಾವರಿ ಅತ್ತಿ, ಎಲ್ಲೆರ ತಿಂತಾವ."

"ತಿನ್ನಲಿ ಬಿಡು. ಇನ್ನೂ ಎರಡು ಸಾಲು ಬಿತ್ತು."

ಹೇಳುವುದು ಎಷ್ಟು ಹಗುರ. ಬಿತ್ತಿದೆ. ನಾಲ್ಕು ದಿನ ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದು ತಿಳಿಯಿತೋ ಇಲ್ಲವೋ. ಅಷ್ಟಮಿ ಬಂದರೆ, ಚತುರ್ದಶಿ ಬಂದರೆ ಕೊಯ್ಯುವಂತಿಲ್ಲ. ಕಣ್ಣೆದುರೇ ಹಾಲು ತುಂಬಿದ ತೆನೆ, ಪಂಜರದಲ್ಲಿ ಕೂಗುವ ಹಕ್ಕಿ, ನಡುವೆ ಕುಡುಗೋಲು ಕೆಳಗಿಟ್ಟು ಕೂತ ನಾನು.

ಅತ್ತೆ ಮಾತ್ರ ದಿನದಿಂದ ದಿನಕ್ಕೆ ಇಳಿದರು. ಮಧ್ಯಾಹ್ನದ ಒಂದು ಊಟ, ಅದೂ ಒಂದೂವರೆ ರೊಟ್ಟಿ. ಕಾರ್ತೀಕದ ಹೊತ್ತಿಗೆ ಕೈಬಳೆಗಳು ಮೊಣಕೈಗೆ ಜಾರತೊಡಗಿದವು. ಪುಷ್ಯದಲ್ಲಿ ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿಯುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟಿತ್ತು, ಅವರು ಸತ್ತುಹೋಗುತ್ತಾರೆಂಬ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ಬೆಳಿಗ್ಗೆ ಎದ್ದು ಮೊದಲು ಅವರ ಉಸಿರು ನೋಡಿ, ಆಮೇಲೆ ಹಕ್ಕಿಗಳ ರೆಕ್ಕೆ ನೋಡುತ್ತಿದ್ದೆ. ಅವರ ಉಸಿರು ನಿಲ್ಲುವುದೋ, ಹಕ್ಕಿಗಳಿಗೆ ಗರಿ ಬರುವುದೋ, ಯಾವುದು ಮೊದಲು ಎಂಬುದೇ ನನ್ನ ಚಿಂತೆ.

ಚಳಿಯ ನಡುವೆ ಪಂಜರದ ತಳದಲ್ಲಿ ಮೊಂಡು ಗರಿಗಳು ಬೀಳತೊಡಗಿದವು. ಅವನ್ನು ಆರಿಸಿ ಅತ್ತೆಗೆ ತೋರಿಸಿದೆ. ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೊಸ ಗರಿಗಳು ಮೊದಲು ಕಡ್ಡಿಯ ಹಾಗೆ ಹೊರಟು, ತುದಿಯಲ್ಲಿ ಬಿಚ್ಚಿಕೊಂಡವು. ಆಗ ಹಕ್ಕಿಗಳಿಗೆ ಎಷ್ಟು ತೆನೆ ಕೊಟ್ಟರೂ ಸಾಲದು. ನಾನು ವಾರಕ್ಕೊಂದರಂತೆ ಬಿತ್ತಿದ ಸಾಲುಗಳು ಒಂದರ ಹಿಂದೊಂದು ಹಾಲುಗಟ್ಟುತ್ತಾ ಬಂದವು. ಅಷ್ಟು ತಿಂಗಳಲ್ಲಿ ನನಗೆ ನನ್ನ ಮೇಲೆ ಸ್ವಲ್ಪ ಹೆಮ್ಮೆಯಾದದ್ದು ಆ ದಿನಗಳಲ್ಲಿ ಮಾತ್ರ.

ಮಾಘದ ಒಂದು ಬೆಳಿಗ್ಗೆ ಪಂಜರವನ್ನು ನವಣೆಯ ಸಾಲಿನ ಬದಿಗೆ ಒಯ್ದೆವು. ಅತ್ತೆಯನ್ನು ಚಕ್ಕಡಿಯಲ್ಲಿ ಕರೆತಂದು ಬಾವಿಯ ಕಟ್ಟೆಯ ಮೇಲೆ ಕೂರಿಸಿದೆವು. ಕಾಡಿನ ಮುನಿಯಾಗಳು ಆಗಲೇ ತೆನೆಗಳ ಮೇಲಿದ್ದವು. ಯಜಮಾನರು ಬಾಗಿಲು ತೆಗೆದರು. ಒಂದು ಹೊರಗೆ ಬಂತು, ಪಂಜರದ ಮೇಲೆ ಕೂತಿತು, ಹಾರಿತು. ಅದರ ಹಿಂದೆ ಉಳಿದವು. ಅತ್ತೆ ತುಟಿಯಲ್ಲಿ ಎಣಿಸುತ್ತಿದ್ದರು. ಇಪ್ಪತ್ತೊಂದು ಹೋದವು. ಕೊನೆಯದು ಬಾಗಿಲಿಗೆ ಬಂದು ಜಿಗಿದು ನೆಲಕ್ಕೆ ಬಿತ್ತು. ಎತ್ತಿಕೊಂಡು ರೆಕ್ಕೆ ಬಿಡಿಸಿ ನೋಡಿದೆ.

"ಇದು ಹಾರೂದಿಲ್ಲರಿ ಅತ್ತಿ. ಗರಿ ಕೂಡ ರೆಕ್ಕಿ ತುದೀನೂ ಕತ್ತರಿಸ್ಯಾನ. ಅಲ್ಲಿ ಗರಿ ಬರೂ ಜಾಗಾನ ಇಲ್ಲ."

"ಹಂಗಾರ ಇನ್ನೂ ಒಂದು ಉಳೀತು," ಎಂದರು ಅತ್ತೆ. "ನೇಮ ಮುಗೀಲಿಲ್ಲ."

ಐದು ತಿಂಗಳಿಂದ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಆಗ ಬಾಯಿಗೆ ಬಂತು. "ಅದು ಸಾಯೂತನಕ ಒಪ್ಪತ್ತು ಉಣ್ಣಾವರೇನ್ರಿ ನೀವು? ಅದಕ್ಕಿಂತ ಮೊದಲ ನೀವು ಸಾಯತೀರಿ. ನೇಮ ಹಿಡದವರು ನೀವು, ಅದನ್ನ ಹೊತ್ತಾಕಿ ನಾನು. ನನ್ನ ರಟ್ಟಿ ಬಿದ್ದು ಹೋಗ್ಯಾವ. ಒಂದು ವರ್ಷ ಆತು ನಾನು ತವರಮನಿ ನೋಡಿಲ್ಲ. ನನಗ ಸಾಕಾಗೇತ್ರಿ."

ಯಜಮಾನರು ನೆಲ ನೋಡಿದರು. ಚಕ್ಕಡಿಯಲ್ಲಿ ಮನೆಗೆ ಬರುವಾಗ ಆ ಹಕ್ಕಿ ನನ್ನ ಮುಷ್ಟಿಯಲ್ಲೇ ಇತ್ತು, ಅದರ ಎದೆ ಹೊಡೆದುಕೊಳ್ಳುವುದು ಬೆರಳಿಗೆ ತಿಳಿಯುತ್ತಿತ್ತು. ಅಂದದ್ದಕ್ಕೆ ನಾಚಿಕೆಯಾಗಿತ್ತು. ಅಂದದ್ದು ಖರೆಯೂ ಆಗಿತ್ತು.

ಅಂದು ಸಂಜೆ ಹೊತ್ತು ಇನ್ನೂ ಮುಳುಗಿರಲಿಲ್ಲ. ಅತ್ತೆ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತರು.

"ಚಂಪಾ, ತಾಟು ಹಾಕು."

"ಯಾರಿಗ್ರಿ?"

"ನನಗ."

ತಾಟು ಇಟ್ಟು ರೊಟ್ಟಿ ಬಡಿಸಿದೆ. ಹಿಡಿದ ನೇಮವನ್ನು ನಡುವೆ ಬಿಡುವುದು ಅವರಿಗೆ ಏನೆಂದು ನನಗೆ ಗೊತ್ತಿತ್ತು. "ನೇಮ ಮಾಡಿದಾಕಿ ನಾನು, ದಣದಾಕಿ ನೀನು. ಹಂಗ ಆಗಬಾರದಿತ್ತು," ಎಂದು ಅವರು ರೊಟ್ಟಿ ಮುರಿದರು. "ನಾಳೆ ಹುಕ್ಕೇರಿ ಕಡೆ ಹೋಗೂ ಬಂಡಿ ಐತಂತ. ದಡ್ಡಿಗೆ ಹೋಗಿ ನಿಮ್ಮವ್ವನ ಕೂಡ ಒಂದು ತಿಂಗಳು ಇದ್ದು ಬಾ. ಆ ಒಂದು ಹಕ್ಕಿ ನಾ ನೋಡಕೋತೇನಿ."

ತವರಿನಲ್ಲಿ ಮೊದಲ ವಾರ ಪೂರ್ತಿ ಮಲಗಿದೆ. ಅವ್ವ ಊಟಕ್ಕೆ ಎಬ್ಬಿಸಿದರೆ ಏಳುತ್ತಿದ್ದೆ, ಉಂಡು ಮತ್ತೆ ಮಲಗುತ್ತಿದ್ದೆ. ಗೆದ್ದೆ ಅನಿಸಬೇಕಾಗಿತ್ತು. ಅನಿಸಲಿಲ್ಲ. ಅತ್ತೆ ರೊಟ್ಟಿ ಮುರಿದ ಆ ಕೈಯೇ ಕಣ್ಣಿಗೆ ಕಟ್ಟಿತ್ತು.

ತಿಂಗಳು ಕಳೆದು ಮರಳಿ ಬಂದಾಗ ಬಿಸಿಲು ಏರಿತ್ತು. ಬಾವಿ ತಳ ಕಂಡಿತ್ತು, ನವಣೆಯ ಸಾಲುಗಳಲ್ಲಿ ಬರೀ ಕೂಳೆ. ಕರೆಯಲು ಬಂದಿದ್ದ ಯಜಮಾನರು ದಾರಿಯಲ್ಲೇ ಹೇಳಿದರು, "ಅವ್ವ ಮತ್ತ ದಿನ ಬಿಟ್ಟು ದಿನ ಉಪಾಸ ಮಾಡಾಕತ್ತಾಳ. ಯಾಕ ಅಂದ್ರ ಹೇಳವಲ್ಲಳು. ಆ ಹಕ್ಕಿಗೆ ಮೆತ್ತಗಾಗಿತ್ತು, ಒಣಾ ಕಾಳು ಒಡ್ಯಾಕ ಆಗವಲ್ದಾಗಿತ್ತು. ಈಗ ಚಲೋ ಆಗೇತಿ."

ಪಡಸಾಲೆಯಲ್ಲಿ ಪಂಜರ ತೂಗುತ್ತಿತ್ತು. ಹಕ್ಕಿ ಬಟ್ಟಲಿಗೆ ಬಾಗಿ ತಿನ್ನುತ್ತಿತ್ತು, ಬಟ್ಟಲ ಸುತ್ತ ಒಂದು ಹೊಟ್ಟೂ ಇರಲಿಲ್ಲ. ಅತ್ತೆ ಒಳಗೆ ಮಲಗಿದ್ದರು. ಪಂಜರದ ಕೆಳಗೆ, ಗೋಡೆಯ ಮೂಲೆಯಲ್ಲಿ, ಹಿತ್ತಾಳೆಯ ತಾಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಆ ವಾಸನೆ ನನ್ನ ಮೂಗಿಗೆ ಬಂದದ್ದು ಅದೇ ಮೊದಲು. ಬಟ್ಟೆ ಎತ್ತಿದೆ. ತಾಟಿನ ತುಂಬ ನವಣೆ, ಒಂದೊಂದು ಕಾಳಿಗೂ ಕೂದಲಿನಷ್ಟು ಸಣ್ಣ ಬಿಳಿ ಬೇರು.

ಉಪವಾಸ ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೊಳಕೆ ಹಾಕಿದ ದಿನ ಅದರ ಪಾಪಕ್ಕೆ ಉಪವಾಸ, ಮರುದಿನ ಊಟ, ಅದರ ಮರುದಿನ ಮತ್ತೆ ಮೊಳಕೆ. ಬಟ್ಟೆ ಮೊದಲಿದ್ದಂತೆ ಮುಚ್ಚಿ ನೆಲದ ಮೇಲೆ ಕೂತೆ. ದಣಿವು ಅಷ್ಟೂ ಒಮ್ಮೆಲೇ ಮರಳಿ ಬಂತು. ಆದರೆ ಈ ಸಲ ಅದರೊಳಗೆ ಸಿಟ್ಟು ಇರಲಿಲ್ಲ.

ಮರುದಿನ ಬೆಳಕು ಹರಿಯುತ್ತಲೇ ನಾನೇ ನವಣೆಯ ಮಡಕೆ ಇಳಿಸಿದೆ. ಒಂದು ಹಿಡಿ ತಾಟಿಗೆ ಹಾಕಿ ನೀರು ಸುರಿಯುವಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು.

"ಬ್ಯಾಡ ಚಂಪಾ. ಪಾಪ ಹತ್ತತೈತಿ."

"ಹತ್ತಲಿ ಬಿಡ್ರಿ ಅತ್ತಿ. ಪುಣ್ಯ ನೀವು ಇಟಗೊಂಡೀರಿ, ಇದು ನನಗಿರಲಿ. ನಿಮ್ಮ ಕೈ ತಾಗಿಲ್ಲ, ನೀವು ಇವತ್ತ ಉಣಬೇಕು."

ಅವರು ಬಂದು ನನ್ನ ಪಕ್ಕ ಕೂತರು. ನಾನು ಕಾಳು ತೊಳೆದು ಬಟ್ಟೆ ಹಿಂಡುವಾಗ ತಾಟನ್ನು ಮುಟ್ಟದೆ, ನನ್ನ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡೇ ಇದ್ದರು.

ಆ ಹಕ್ಕಿ ಇನ್ನೂ ಎರಡು ಮಳೆಗಾಲ ಕಂಡಿತು. ಅದು ಇರುವ ತನಕ ದಿನ ಬಿಟ್ಟು ದಿನ ನಾನು ನವಣೆ ನೆನೆಹಾಕಿದೆ. ಅತ್ತೆ ದಿನಾ ಎರಡು ಹೊತ್ತು ಉಂಡರು.